ಇಪ್ಪತ್ತಾರು ಬೆಸುಗೆ

ಬೈಲಹೊಂಗಲ
ಮಂಗಳವಾರ, ೧೪-೧೦-೨೦೦೮

ಚಿರಂಜೀವಿ ಶೈಲಜಾಳಿಗೆ ನಿನ್ನ ತಂದೆಯ ಆಶೀರ್ವಾದ.

ಇದರ ಕೆಳಗಿನ ಸಾಲಿನಲ್ಲಿ ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಬರೆಯಬೇಕು. ಮೂವತ್ನಾಲ್ಕು ವರ್ಷ ಮಕ್ಕಳಿಗೆ ಹಾಗೆಯೇ ಕಲಿಸಿದೆ. ಬರೆಯದವರ ಒಂದು ಅಂಕವನ್ನೂ ಕಳೆದೆ. ಇವತ್ತು ಆ ಒಂದು ಅಂಕ ನನ್ನದೂ ಹೋಗಲಿ.

ನೀನು ಪ್ರತಿ ರವಿವಾರ ಫೋನ್ ಮಾಡುತ್ತೀ. ಅವ್ವನ ಸಂಗಡ ಕಾಲು ತಾಸು ಮಾತಾಡುತ್ತೀ. ರಿಸೀವರ್ ನನ್ನ ಕೈಗೆ ಬಂದ ಕೂಡಲೇ ‘ಆರಾಮ ಅದೀರೇನ್ರಿ ಅಪ್ಪಾ’ ಎನ್ನುತ್ತೀ, ನಾನು ‘ಹೂಂ’ ಎನ್ನುತ್ತೇನೆ, ಅಲ್ಲಿಗೆ ನಮ್ಮಿಬ್ಬರ ಮಾತು ಮುಗಿಯುತ್ತದೆ. ಇದನ್ನು ನಿನ್ನ ಮೇಲಿನ ದೂರೆಂದು ಹೇಳುತ್ತಿಲ್ಲ. ಫೋನಿನಲ್ಲಿ ಹೇಳಲು ನಾಲ್ಕು ಸಲ ಬಾಯಿ ತೆರೆದೆ, ನಾಲ್ಕೂ ಸಲ ಹವಾಮಾನದ ಸುದ್ದಿ ಹೇಳಿದೆ. ಆದ್ದರಿಂದ ಬರೆಯುತ್ತಿದ್ದೇನೆ. ಆಡಿದ ಮಾತನ್ನು ನಡುವೆಯೇ ಬೇರೆ ಕಡೆಗೆ ತಿರುಗಿಸಬಹುದು. ಬರೆದ ವಾಕ್ಯವನ್ನು ಪೂರ್ತಿ ಮಾಡಲೇಬೇಕು.

ಹೋದ ವಾರ ನಿನ್ನ ಚಿಗವ್ವ ರಾಮವ್ವ ಕಿತ್ತೂರಿನಿಂದ ಬಂದಿದ್ದಳು. ನೀನು ಕೆಲಸಕ್ಕಿರುವ ಝೆರಾಕ್ಸ್ ಅಂಗಡಿಯಲ್ಲಿ ಪ್ಲಗ್ಗಿನ ವೈರು ಸುಟ್ಟಿತ್ತಂತೆ. ‘ನೀ ಇದನ್ನೆಲ್ಲಾ ಬಲ್ಲಾಕಿ ಅಂತಲ್ಲ, ಒಂದೀಟು ಕೂಡಿಸಿಕೊಡವಾ’ ಎಂದು ಮಾಲಕರು ಕೇಳಿದರಂತೆ. ನೀನು ಎರಡು ಹೆಜ್ಜೆ ಹಿಂದೆ ಸರಿದು ‘ನನ್ನ ಕೈಗುಣ ಛಲೋ ಇಲ್ರಿ, ಬ್ಯಾರೆಯವ್ರನ್ನ ಕರೀರಿ’ ಅಂದೆಯಂತೆ. ರಾಮವ್ವ ಇದನ್ನು ನಗುತ್ತ ಹೇಳಿದಳು. ಎರಡು ವೈರು ಕೂಡಿಸಲು ಹೆದರಿದ ಈ ಹುಡುಗಿ, ಕೂದಲಿಗಿಂತ ಸಣ್ಣ ಇಪ್ಪತ್ತಾರು ತಂತಿಗಳನ್ನು ಭೂತಗನ್ನಡಿಯ ಕೆಳಗೆ ಒಂದೊಂದಾಗಿ ಬೆಸೆದವಳು ಎಂಬುದು ಅವಳಿಗೇನು ಗೊತ್ತು? ನನಗೆ ಗೊತ್ತಿದೆ. ಅದಕ್ಕೇ ಈ ಪತ್ರ.

ನೀನು ಬಲ್ಲದ್ದನ್ನೂ ಮೊದಲಿನಿಂದ ಬರೆಯುತ್ತೇನೆ. ಪ್ರಯೋಗದ ವರದಿಯಲ್ಲಿ ಎಲ್ಲರಿಗೂ ತಿಳಿದ ಸಂಗತಿಯನ್ನೂ ಬಿಡಬಾರದೆಂಬುದು ನಾನೇ ಹಾಕಿಕೊಟ್ಟ ನಿಯಮ.

ಹೋದ ವರ್ಷ ದಸರೆಗೆ ಎರಡು ವಾರ ಮುಂಚೆ ಜಟ್ಟೆಪ್ಪ ಹೂಲಿಯಿಂದ ನಿನ್ನ ಅಂಗಡಿಗೆ ಬಂದ. ನಮ್ಮ ಮನೆಯ ಮುಂದಿನ ಕೋಣೆಯನ್ನು ನೀನು ಅಂಗಡಿ ಮಾಡಿಕೊಂಡು ಆಗ ಮೂರು ವರ್ಷವಾಗಿತ್ತು. ಮೊಬೈಲ್, ರೇಡಿಯೋ, ಟಿವಿಯ ರಿಮೋಟು ಎಲ್ಲವೂ ಬರುತ್ತಿದ್ದವು. ಜಟ್ಟೆಪ್ಪ ತಂದದ್ದು ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮು. ಮಸ್ಕತ್ತಿನಲ್ಲಿ ದುಡಿಯುತ್ತಿದ್ದಾಗ ಗೆಳೆಯ ಗೌರೀಶನಿಗೆಂದು ಅವನೇ ಕೊಂಡು ತಂದದ್ದು. ಇಬ್ಬರೂ ನನ್ನ ಕೈಯಲ್ಲಿ ಎಂಟನೆಯ, ಒಂಬತ್ತನೆಯ ಇಯತ್ತೆ ಕಲಿತವರು. ಗೌರೀಶ ಗಣಿತದಲ್ಲಿ ಮುಂದು. ಟಾವರಿಗೆ ಬಣ್ಣ ಹಚ್ಚಲು ಹತ್ತಿ, ಬಿದ್ದು, ಕುತ್ತಿಗೆಯ ಕೆಳಗೆ ಅವನ ಶರೀರ ನಿಂತುಹೋಗಿತ್ತು. ಮೊಳಕೈ ಅಷ್ಟಿಷ್ಟು ಅಲುಗುತ್ತಿದ್ದವು. ಚೆನ್ನಾಗಿ ಉಳಿದದ್ದು ಎರಡು ಹೆಬ್ಬೆರಳು ಮಾತ್ರ.

ಯಂತ್ರದ ರೋಗ ಸರಳವಿತ್ತು. ಆಟದ ತಟ್ಟೆಯನ್ನು ಓದುವ ಕಣ್ಣು ಮಂಜಾಗಿತ್ತು, ಆಟ ನಡುವೆಯೇ ನಿಲ್ಲುತ್ತಿತ್ತು. ಹೊಸ ಕಣ್ಣು ಬೆಳಗಾವಿಯಲ್ಲೂ ಸಿಗಲಿಲ್ಲ. ನೀನು ಇಂಟರ್ನೆಟ್ ಕೆಫೆಗೆ ಹೋಗಿ ಹನ್ನೊಂದು ಹಾಳೆ ಇಂಗ್ಲಿಷು ಪ್ರಿಂಟು ತೆಗೆಸಿಕೊಂಡು ಬಂದೆ. ಒಳಗೆ ಇನ್ನೊಂದು ಸಣ್ಣ ಚಿಪ್ಪು ಕೂಡಿಸಿದರೆ ಯಂತ್ರವು ತಟ್ಟೆಯ ಹಂಗು ಬಿಟ್ಟು ಮೆಮರಿ ಕಾರ್ಡಿನಿಂದಲೇ ಆಟ ಓದುತ್ತದೆ ಎಂದೆ. ಮಾಡಿದವರು ಹಾಕಿದ ಬೀಗಕ್ಕೆ ನಾವು ಬೇರೆ ಕೀಲಿಕೈ ಮಾಡುವುದು ನ್ಯಾಯವೇ ಎಂದು ನಾನು ಕೇಳಿದೆ. ‘ಮನಿ ಮಾಲಕನ ಒಳಗ ಸಿಕ್ಕೊಂಡಾನ್ರಿ ಅಪ್ಪಾ, ಬಾಗಲಾ ತಗಿಯಾಕ ಯಾರನ್ನ ಕೇಳೋದು’ ಎಂದೆ. ಉತ್ತರ ಚೆನ್ನಾಗಿತ್ತು. ಆಗ ನಾನು ಹಾಗೆನ್ನಲಿಲ್ಲ.

ಯಂತ್ರಕ್ಕೆ ಕೈ ಹಚ್ಚುವ ಮುಂಚೆ ಅದನ್ನು ಆಡುವವನನ್ನು ನೋಡಬೇಕು ಎಂದು ಹಟ ಹಿಡಿದವಳು ನೀನು. ಸವದತ್ತಿಯಲ್ಲಿ ಬಸ್ಸು ಬದಲಿಸಿ ಹೂಲಿಗೆ ಹೋದೆವು. ಗೌರೀಶ ಹಾಸಿಗೆಯಲ್ಲೇ ನಕ್ಕ. ‘ಸರ್, ದಿನಾ ನೂರಾ ಎಂಬತ್ತರ ಮ್ಯಾಲ ಗಾಡಿ ಹೊಡೀತೇನ್ರಿ. ಒಂದ ದಿನಾನೂ ಪೊಲೀಸ್ರು ಹಿಡದಿಲ್ಲ’ ಎಂದ. ಅವನ ತಾಯಿ ಕೆಂಪವ್ವ ಹಾಸಿಗೆಯ ಕಾಲ ಬಳಿ ಕುಳಿತು ಕಾರುಗಳ ಸದ್ದನ್ನು ಕೇಳಿ ಎಣಿಸುತ್ತಿದ್ದಳು. ನಾಲ್ಕು ರೇಸು ಮುಗಿದ ಕೂಡಲೇ ‘ನಾಕ ಆದ್ವು, ಹೊರಳಪಾ’ ಎಂದು ಅವನನ್ನು ಬಲ ಮಗ್ಗುಲಿಗೆ ಹೊರಳಿಸಿದಳು. ಮುಂದಿನ ನಾಲ್ಕು ರೇಸು ಬಲ ಮಗ್ಗುಲು, ಆಮೇಲೆ ಎಡ. ಒಂದೇ ಮಗ್ಗುಲಲ್ಲಿ ಮಲಗಿದರೆ ಬೆನ್ನು ಹುಣ್ಣಾಗುತ್ತದೆ, ತಾಸಿಗೊಮ್ಮೆ ಹೊರಳಿಸಬೇಕು ಎಂದು ದವಾಖಾನೆಯಲ್ಲಿ ಹೇಳಿದ್ದರು. ಮೊದಲ ವರ್ಷ ಅವನು ಮುಟ್ಟಗೊಡುತ್ತಿರಲಿಲ್ಲವಂತೆ, ಬೈಯುತ್ತಿದ್ದನಂತೆ. ಯಂತ್ರ ಬಂದ ಮೇಲೆ ತಾಯಿ ಮಗ ಸೇರಿ ಈ ಕರಾರು ಮಾಡಿಕೊಂಡಿದ್ದರು. ಆ ಮನೆಯಲ್ಲಿ ಗಡಿಯಾರ ಇರಲಿಲ್ಲ. ಇದ್ದದ್ದು ಆ ಯಂತ್ರ.

ಚಿಪ್ಪು ಮುಂಬಯಿಯಿಂದ ಕೊರಿಯರಿನಲ್ಲಿ ಬಂತು. ಅದು ಬಂದ ದಿನದ್ದೊಂದು ಸಂಗತಿ ನಿನಗೆ ಮರೆತಿರಬಹುದು. ಜಟ್ಟೆಪ್ಪ ಇದ್ದ, ಎದುರಿನ ಪಾನಿನಂಗಡಿಯವರು ಇಬ್ಬರು ಬಂದು ಕುಳಿತಿದ್ದರು. ನಕ್ಷೆಯನ್ನು ನಾನೂ ಎತ್ತಿಕೊಂಡು, ಈ ಗೆರೆ ಬ್ಯಾಟರಿಯಿಂದ ಬಂದದ್ದು, ಇದನ್ನು ಮೊದಲು ಬೆಸೆಯಬೇಕು ಎಂದೆ. ನೀನು ತಲೆ ಎತ್ತದೆ ‘ಅದು ಬ್ಯಾಟರಿದಲ್ಲರಿ ಅಪ್ಪಾ, ಕೆಳಗ ಬರದಾರ ನೋಡ್ರಿ. ಇದು ನಿಮ್ಮ ರೇಡಿಯೋ ಅಲ್ಲ’ ಎಂದೆ. ಕೆಳಗೆ ಬರೆದದ್ದು ಇಂಗ್ಲಿಷಿನಲ್ಲಿತ್ತು. ಜಟ್ಟೆಪ್ಪ ‘ಸರ್, ಇನ್ನ ಮ್ಯಾಲ ನೀವ ಅಕ್ಕಾರ ಕಡೆ ಟ್ಯೂಷನ್ ಹಚ್ಚಬೇಕಾತು’ ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ರಾಮದುರ್ಗದ ಕನ್ನಡ ಸಾಲೆಯಲ್ಲಿ ಕಲಿತು, ಓಮನ ನಿಯಮವನ್ನು ಅಚ್ಚ ಕನ್ನಡದಲ್ಲಿ ಹೇಳಿಕೊಟ್ಟು, ನೂರಾರು ಮಕ್ಕಳ ಕೈಯಲ್ಲಿ ಬೆಸುಗೆ ಕಡ್ಡಿ ಹಿಡಿಸಿದವನು ನಾನು. ನಿನ್ನ ಕೈಗೂ ಒಂಬತ್ತನೆಯ ವಯಸ್ಸಿನಲ್ಲಿ ಆ ಕಡ್ಡಿ ಕೊಟ್ಟವನು ನಾನೇ. ಆ ನಗು ನನ್ನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಇದನ್ನು ನೆಪವೆಂದು ಬರೆಯುತ್ತಿಲ್ಲ, ವರದಿಯೆಂದು ಬರೆಯುತ್ತಿದ್ದೇನೆ.

ಎರಡು ದಿನ ಕುಳಿತು ನೀನು ಇಪ್ಪತ್ತಾರು ತಂತಿಗಳನ್ನು ಬೆಸೆದೆ. ಯಂತ್ರ ಎದ್ದಿತು. ಕಾರ್ಡಿನಿಂದ ಆಟ ಬಂತು. ನೀನೇ ನಾಲ್ಕು ರೇಸು ಓಡಿಸಿ ಅಡಿಗೆಮನೆಗೆ ಕೇಳುವಂತೆ ‘ಅವ್ವಾ, ನಾಕ ಆದ್ವು, ಹೊರಳು’ ಎಂದು ಕೂಗಿದ್ದು ನೆನಪಿದೆ. ಮೇಲುಮುಚ್ಚಳವನ್ನು ಸುಮ್ಮನೆ ಇಟ್ಟು, ಸ್ಕ್ರೂ ಹಾಕದೆ ಬಿಟ್ಟೆ. ಎರಡು ದಿನ ಬಿಟ್ಟು ಇನ್ನೊಮ್ಮೆ ತಂತಿ ನೋಡಿ ಮುಚ್ಚುವುದು ನಿನ್ನ ಪದ್ಧತಿ. ಮರುದಿನ ನೀನೂ ಅವ್ವನೂ ಹಬ್ಬಕ್ಕೆಂದು ಕಿತ್ತೂರಿಗೆ, ರಾಮವ್ವನ ಮನೆಗೆ ಹೋದಿರಿ. ಶನಿವಾರ ಮಹಾನವಮಿ. ಖಂಡೇಪೂಜೆಯನ್ನು ನಾನೊಬ್ಬನೇ ಮಾಡಿದೆ. ಈಳಿಗೆ, ಕುಡಗೋಲು, ಅವ್ವನ ಹೊಲಿಗೆ ಯಂತ್ರ, ನನ್ನ ಪೆನ್ನು, ಆಮೇಲೆ ಅಂಗಡಿಗೆ ಬಂದು ನಿನ್ನ ಮೀಟರು, ಬೆಸುಗೆ ಕಡ್ಡಿ, ಇಕ್ಕಳ. ದುಡಿಯುವ ಯಾವ ಸಾಧನವನ್ನೂ ಆ ದಿನ ಬಿಡಬಾರದೆಂದು ನಮ್ಮಪ್ಪ ಹೇಳುತ್ತಿದ್ದರು.

ರವಿವಾರ ಸಂಜೆ ನೀವು ಮರಳಿ ಬಂದಿರಿ. ನನ್ನ ಕೈಗೆ ಬನ್ನಿ ಕೊಟ್ಟು ‘ಬಂಗಾರದಂಗ ಇರೂಣ್ರಿ ಅಪ್ಪಾ’ ಎಂದು ನಮಸ್ಕಾರ ಮಾಡಿದೆ.

ಸೋಮವಾರ ಮುಂಜಾನೆ ಜಟ್ಟೆಪ್ಪ ಯಂತ್ರ ಒಯ್ಯಲು ಬಂದ. ಅವನೆದುರೇ ನೀನು ಸ್ವಿಚ್ಚು ಸರಿಸಿದೆ. ಹಸಿರು ದೀಪ ಎರಡು ಸೆಕೆಂಡು ಹತ್ತಿ ಆರಿತು. ಇನ್ನೊಮ್ಮೆ ಸರಿಸಿದೆ; ಮತ್ತೆ ಎರಡು ಸೆಕೆಂಡು. ಪರದೆ ಕಪ್ಪಾಗಿಯೇ ಇತ್ತು. ನೀನು ಮುಚ್ಚಳಕ್ಕೆ ಕೈ ಹಾಕಿದಾಗ ಜಟ್ಟೆಪ್ಪ, ‘ಅಕ್ಕಾರ, ನೀವ ಬ್ಯಾಡ್ರಿ. ಸರ್ ನೋಡ್ಲಿ’ ಎಂದ. ಅವನ ಮಾತಿಗೆ ನಾನು ನಿಯಮದ ಬಲ ಕೊಟ್ಟೆ: ಉತ್ತರ ಬರೆದವರೇ ಪತ್ರಿಕೆ ತಿದ್ದುವಂತಿಲ್ಲ. ಯಂತ್ರವನ್ನು ಎತ್ತಿಕೊಂಡು ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ನೀನು ಹೊರಗಿನಿಂದ ‘ಅಪ್ಪಾ, ಹಾಳಿ ಬೇಕೇನ್ರಿ, ಅದರಾಗ ಎಲ್ಲಾ ಬರದಾರ’ ಎಂದು ಕೇಳಿದೆ. ಬೇಡ ಎಂದೆ.

ನನ್ನ ವಿಧಾನ ನಿನಗೆ ಗೊತ್ತೇ ಇದೆ. ಉದ್ದ ನೋಟಬುಕ್ಕು, ಒಂದು ಪರೀಕ್ಷೆಗೆ ಒಂದು ಪುಟ, ಎಲ್ಲಕ್ಕೂ ಮೇಲೆ ತಾರೀಖು ಮತ್ತು ವೇಳೆ, ಅದರ ಕೆಳಗೆ ನೋಡಿದ್ದು, ಕೊನೆಗೆ ನಿರ್ಣಯ. ಬ್ಯಾಟರಿ ನೋಡಿದೆ, ಒತ್ತಡ ಸರಿಯಾಗಿತ್ತು. ಚಾರ್ಜರು ಸರಿಯಾಗಿತ್ತು. ಸ್ವಿಚ್ಚು, ಆಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಫ್ಯೂಸು, ಎರಡೂ ಸರಿ. ಪರದೆಗೆ ಹೋಗುವ ಪಟ್ಟಿಯನ್ನು ಬಿಚ್ಚಿ ಹಾಕಿದೆ. ಮಂಗಳವಾರ ಚಿಪ್ಪಿನ ಕಡೆಗೆ ಬಂದೆ. ತಂತಿಗಳನ್ನು ಒಂದೊಂದಾಗಿ ಬಿಡಿಸಿ, ಹಳೆಯ ಸ್ಥಿತಿಗೆ ತಂದು ನೋಡುವುದೆಂದು ಹೊರಟೆ. ಹನ್ನೊಂದನೆಯ ತಂತಿ ಬಿಡಿಸುವಾಗ ಬೋರ್ಡಿನ ತಾಮ್ರದ ಚುಕ್ಕೆಯೇ ಕಿತ್ತು ಬಂತು. ಅಲ್ಲಿಗೆ ಯಂತ್ರ ಸತ್ತಿತು. ಕೊನೆಯ ಪುಟದಲ್ಲಿ ‘ಬೆಸುಗೆ ಒಣಗಿದೆ; ಮಾಡಿದವರ ಕೈದೋಷ’ ಎಂದು ಬರೆದು, ಸಹಿ ಮಾಡಿ, ನೋಟಬುಕ್ಕನ್ನು ನಿನ್ನ ಕೈಗೆ ಕೊಟ್ಟೆ. ಒಣ ಬೆಸುಗೆ ನಾನು ರೇಡಿಯೋ ಕಾಲದಿಂದ ಬಲ್ಲ ರೋಗ.

ನೀನು ಪುಟಗಳನ್ನು ಒಂದೊಂದಾಗಿ ತಿರುವಿದೆ. ‘ಏಳನೇ ಪುಟ ಎಲ್ಲಿರಿ’ ಎಂದು ಕೇಳಿದೆ. ಮಸಿ ಚೆಲ್ಲಿ ಹಾಳಾಯಿತು, ಹರಿದೆ ಎಂದೆ. ನೀನು ಮತ್ತೆ ಕೇಳಲಿಲ್ಲ. ನಿನ್ನ ಜನ್ಮದಲ್ಲಿ ನಾನು ಪುಟ ಹರಿದದ್ದನ್ನು ನೀನು ನೋಡಿರಲಿಲ್ಲ. ಆದರೆ ನಾನು ಸುಳ್ಳು ಹೇಳಿದ್ದನ್ನೂ ನೋಡಿರಲಿಲ್ಲ.

ಮುಂದಿನ ದಿನಗಳಲ್ಲಿ ನೀನು ಆ ಕಿತ್ತ ಚುಕ್ಕೆಗೆ ಕೂದಲಿನಂಥ ತಂತಿ ಹಚ್ಚಲು ನೋಡಿದೆ, ಮುಂಬಯಿಗೆ ಬರೆದೆ, ಬೇರೆ ಯಂತ್ರ ಹುಡುಕಿದೆ. ಹೂಲಿಯಲ್ಲಿ ಕರಾರು ಮುರಿದುಬಿತ್ತು. ಕೆಂಪವ್ವ ಹೊರಳಿಸಲು ಹೋದರೆ ಗೌರೀಶ ‘ಎಲ್ಲಿ ನಾಕ ಆದ್ವಬೇ? ಇನ್ನೂ ಒಂದೂ ಚಾಲೂ ಆಗಿಲ್ಲ’ ಎನ್ನುತ್ತಿದ್ದನಂತೆ. ಮೊದಲು ಚೇಷ್ಟೆಯಾಗಿ ಅಂದನಂತೆ, ಆಮೇಲೆ ಹಲ್ಲು ಕಚ್ಚಿ. ಆಕೆ ಬಾಯಿಂದಲೇ ಕಾರಿನ ಸದ್ದು ಮಾಡಿ ಎಣಿಸಿ ನೋಡಿದಳಂತೆ. ಅವನು ಮುಖ ಗೋಡೆಗೆ ಮಾಡಿದನಂತೆ. ದೀಪಾವಳಿ ಮುಗಿಯುವಷ್ಟರಲ್ಲಿ ಬೆನ್ನಿನ ಹುಣ್ಣು ಬಾಯಿ ತೆರೆಯಿತು, ಜನವರಿಗೆ ಅದರ ನಂಜು ರಕ್ತಕ್ಕೆ ಸೇರಿತು. ಎಳ್ಳ ಅಮಾವಾಸ್ಯೆಯ ಮರುದಿನ ಅವನು ತೀರಿಕೊಂಡ. ಮೂವತ್ತೊಂದು ವರ್ಷ ಅವನಿಗೆ.

ಹದಿನೈದು ದಿನಕ್ಕೆ ಕೆಂಪವ್ವ ಬಂದಳು. ಬೈಯಲು ಬಂದಿರಲಿಲ್ಲ. ಸೆರಗಿನಿಂದ ಚಾರ್ಜರನ್ನು ತೆಗೆದು ನಿನ್ನ ಮೇಜಿನ ಮೇಲಿಟ್ಟು, ‘ಇದೊಂದು ನಮ್ಮ ಮನ್ಯಾಗ ಉಳದಿತ್ತ ನೋಡವಾ’ ಎಂದಳು. ಅಂಗಡಿಯಲ್ಲಿ ಆಗ ಏಳೆಂಟು ಜನರಿದ್ದರು. ಆಕೆ ನನ್ನ ಕಡೆ ತಿರುಗಿ, ‘ಮಾಸ್ತರ, ನೀವು ಸುಳ್ಳ ಹೇಳೂ ಮಂದಿ ಅಲ್ಲ. ಅದು ಯಾರ ಕೈಯಾಗ ಕೆಟ್ಟಿತು, ಅದೊಂದ ಹೇಳಿಬಿಡ್ರಿ’ ಎಂದಳು.

ನಾನು ‘ನನ್ನ ಮಗಳ ಕೈಯಲ್ಲಿ’ ಎಂದೆ.

ನೀನು ನನ್ನ ಮುಖ ನೋಡಲಿಲ್ಲ, ನಿನ್ನ ಕೈಗಳನ್ನು ನೋಡಿಕೊಂಡೆ. ಕೆಂಪವ್ವ ನಿನ್ನ ತಲೆಯ ಮೇಲೆ ಕೈ ಇಟ್ಟು ‘ಇರಲಿ ಬಿಡವಾ, ನೀ ಬೇಕಂತ ಮಾಡಿದ್ದಲ್ಲ’ ಎಂದು ಹೋದಳು. ಬೈದಿದ್ದರೆ ನೀನು ಉಳಿಯುತ್ತಿದ್ದೆಯೇನೋ. ಶಿವರಾತ್ರಿಗೆ ಮುಂಚೆ ನೀನು ಅಂಗಡಿಯ ಬಾಗಿಲು ಹಾಕಿ, ಸಾಮಾನುಗಳನ್ನು ಪೆಟ್ಟಿಗೆಯಲ್ಲಿ ತುಂಬಿಟ್ಟು ಕಿತ್ತೂರಿಗೆ ಹೋದೆ.

ನೀನು ಹೋದ ಮೇಲಿನ ಒಂದು ಸಂಗತಿ ನಿನಗೆ ಗೊತ್ತಿಲ್ಲ. ಪೇಟೆಯಲ್ಲಿ ನನ್ನ ಬೆಲೆ ಏರಿತು. ‘ಸ್ವಂತ ಮಗಳನ್ನೂ ಬಿಡಲಿಲ್ಲ ನಿಜಗುಣಪ್ಪ ಮಾಸ್ತರು; ನ್ಯಾಯ ಅಂದ್ರ ಹಿಂಗಿರಬೇಕು’ ಎಂದು ಕಟ್ಟೆಯ ಮೇಲೆ ಕುಳಿತವರು ನನಗೆ ಕೇಳುವಂತೆ ಅಂದರು. ಮಡಿವಾಳೆಪ್ಪನವರ ಮನೆಯ ಅಣ್ಣತಮ್ಮಂದಿರ ಪಾಲಿನ ತಂಟೆಗೆ ಹಿರಿಯರೊಬ್ಬರು ಬೇಕಾದಾಗ ನನ್ನನ್ನು ಕರೆದೊಯ್ದು ಗಾದಿಯ ಮೇಲೆ ಕೂರಿಸಿದರು. ನಾನು ಕುಳಿತೆ. ತೀರ್ಪನ್ನೂ ಹೇಳಿದೆ.

ಇನ್ನು ಈ ವರ್ಷದ ಮಾತು. ಮೊನ್ನೆ ಬುಧವಾರ ಮಹಾನವಮಿಗೆ ಅವ್ವ ನಿನ್ನ ಪೆಟ್ಟಿಗೆಯನ್ನು ತಂದು ಪೂಜೆಗಿಟ್ಟಳು. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಮೂರು ಬೆರಳಿನಿಂದ ಅದರ ಮೇಲೆ ಎಳೆದೆ. ಬೆರಳಿನ ನೀರು ಹನಿಯಾಗಿ ಹರಿದು ಮುಚ್ಚಳದ ಸಂದಿಯಲ್ಲಿ ಇಳಿಯಿತು. ಅವ್ವ ಅದನ್ನು ನೋಡುತ್ತ, ‘ಹ್ವಾದ ವರ್ಷ ಆ ಆಟದ ಮಷೀನಿಗೂ ಹಚ್ಚಿದ್ರೇನ್ರಿ?’ ಎಂದು ಕೇಳಿದಳು.

ಹಚ್ಚಿದ್ದೆ, ಶೈಲಜಾ. ದುಡಿಯುವ ಸಾಧನಗಳ ನಡುವೆ ಅದೂ ಇತ್ತು, ಬಿಡಲು ಮನಸ್ಸಾಗಲಿಲ್ಲ. ಸಡಿಲವಾಗಿದ್ದ ಮುಚ್ಚಳದ ಮೇಲೆ ಮೂರು ಎಳೆ ಎಳೆದೆ, ಹೂವಿನಿಂದ ನೀರು ಚಿಮುಕಿಸಿದೆ. ಗಿರಾಕಿಯ ವಸ್ತು ಸ್ವಚ್ಛವಾಗಿ ಮರಳಬೇಕೆಂದು ಮರುದಿನ ಹಸಿ ಬಟ್ಟೆಯಿಂದ ಒರೆಸಿದೆ. ಅವ್ವನ ಮಾತು ಕೇಳಿದಾಗ ನನಗೆ ಎಲ್ಲವೂ ಒಮ್ಮೆಲೇ ಹೊಳೆಯಿತು. ಟ್ರಂಕಿನಲ್ಲಿಟ್ಟಿದ್ದ ಯಂತ್ರವನ್ನು ತೆಗೆದು ಬಿಚ್ಚಿ ನೋಡಿದೆ. ಚಿಪ್ಪಿನ ಬಲ ಅಂಚಿನಲ್ಲಿ ಬೂದಿ ಇಳಿದು ಹೆಪ್ಪುಗಟ್ಟಿದೆ. ಹಸಿ ಬೂದಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಅದನ್ನು ಏಳನೆಯ ಇಯತ್ತೆಯ ಮಕ್ಕಳಿಗೂ ನಾನು ತೋರಿಸಿದ್ದೇನೆ. ದೀಪ ಹತ್ತಿ ಆರಿದ್ದು ಅದರಿಂದ. ಯಂತ್ರ ಕೆಟ್ಟದ್ದು ನನ್ನ ಮೂರು ಬೆರಳಿನಿಂದ, ನಿನ್ನ ಬೆಸುಗೆಯಿಂದಲ್ಲ. ಥಿನ್ನರಿನಲ್ಲಿ ಅದ್ದಿದ ಬ್ರಷ್ಷಿನಿಂದ ತೊಳೆದು ಒಣಗಿಸಿದ್ದರೆ ಅರ್ಧ ತಾಸಿನ ಕೆಲಸ. ಆಗ ತಿಳಿದಿದ್ದರೆ ಗೌರೀಶ ಆ ವಾರವೇ ಗಾಡಿ ಹೊಡೆಯುತ್ತಿದ್ದ. ತಿಳಿಯಲಿಲ್ಲ. ಅಜ್ಞಾನದಿಂದ ಆದ ಅಪರಾಧಕ್ಕೆ ಕ್ಷಮೆ ಇದೆಯೇ ಎಂಬುದನ್ನು ನೀನು ನಿರ್ಣಯಿಸು.

ನಾಳೆ ಹೂಲಿಗೆ ಹೋಗಿ ಕೆಂಪವ್ವನಿಗೆ ಇದನ್ನು ಹೇಳುತ್ತೇನೆ. ಅವತ್ತು ನಿನ್ನ ಅಂಗಡಿಯಲ್ಲಿ ಎಷ್ಟು ಜನರಿದ್ದರೋ ಅಷ್ಟು ಜನರ ಎದುರು ಹೇಳುತ್ತೇನೆ. ನೀನು ಬಾ ಎಂದು ಕರೆಯುವ ಹಕ್ಕು ನನಗಿಲ್ಲ. ಪೆಟ್ಟಿಗೆಯನ್ನು ರಾಮವ್ವನ ಕೈಯಲ್ಲಿ ಕಳಿಸಿದ್ದೇನೆ. ಬೆಸುಗೆ ಕಡ್ಡಿಯ ತುದಿಯನ್ನು ಉಜ್ಜಿ ಇಟ್ಟಿದ್ದೇನೆ. ಮೊದಲು ಆ ಝೆರಾಕ್ಸಿನವರ ವೈರು ಕೂಡಿಸಿಕೊಡು.

ನಿನ್ನ ತಂದೆ,
ನಿಜಗುಣಪ್ಪ

ತಾ. ಕ. — ಮನೆಯಿಂದ ಹೋಗುವ ಪತ್ರವನ್ನು ಅಂಟಿಸುವ ಮುಂಚೆ ಅವ್ವನಿಗೆ ಓದಿ ಹೇಳುವುದು ನಮ್ಮ ರೂಢಿ. ಓದಿದೆ. ಆಕೆ ಅಕ್ಕಿ ಆರಿಸುತ್ತ ಪೂರ್ತಿ ಕೇಳಿದಳು. ಆಮೇಲೆ, ‘ಹತ್ತೀದು ಬರೀಲಿಲ್ಲಲ್ರಿ’ ಎಂದಳು. ಯಾವ ಹತ್ತಿ ಎಂದೆ. ‘ಹ್ವಾದ ವರ್ಷ ಬಾಗಲಾ ಹಾಕ್ಕೊಂಡು ಕುಂತಾಗ, ಬತ್ತಿ ಹೊಸಿಯೂ ಹತ್ತಿ ಕೊಡು ಅಂತ ಕೈ ಅಷ್ಟ ಹೊರಗ ಚಾಚಿದ್ರಿ. ಬೂದಿ ಹತ್ತಿದ ಹತ್ತಿ ನಿಮ್ಮ ಮೇಜಿನ ಕೆಳಗ ಸಿಕ್ಕಿತು. ನಾನ ಒಲಿಗೆ ಹಾಕೇನಿ. ನೀವ ಹೇಳ್ತೀರಿ, ನೀವ ಹೇಳ್ತೀರಿ ಅಂತ ನಾನೂ ಸುಮ್ಮ ಕುಂತೆ’ ಎಂದಳು. ಅಕ್ಕಿಯ ಮೊರವನ್ನು ಎತ್ತಿಕೊಂಡು ಒಳಗೆ ಹೋದಳು. ಇನ್ನೂ ಹೊರಗೆ ಬಂದಿಲ್ಲ.

ಆದ್ದರಿಂದ ಮೇಲಿನ ಒಂದು ಭಾಗವನ್ನು ತಿದ್ದುತ್ತೇನೆ. ಈ ವರ್ಷ ನಾನು ಯಂತ್ರವನ್ನು ಬಿಚ್ಚಲೇ ಇಲ್ಲ; ಬಿಚ್ಚುವ ಅವಶ್ಯಕತೆ ಇರಲಿಲ್ಲ. ಬೂದಿಯನ್ನು ಕಂಡದ್ದು ಹೋದ ವರ್ಷ, ಆ ಮಂಗಳವಾರವೇ. ಕಂಡು, ಒಣ ಹತ್ತಿಯಿಂದ ಒರೆಸಿದೆ. ಒರೆಸಿದ ಮೇಲೆ ಮತ್ತೊಮ್ಮೆ ಸ್ವಿಚ್ಚು ಸರಿಸಿ ನೋಡಬೇಕಿತ್ತು. ನೋಡಲಿಲ್ಲ. ದೀಪ ಹತ್ತಿ ಆರದೆ ಉಳಿದುಬಿಟ್ಟರೆ ಏನು ಮಾಡುವುದೆಂದು ಹೆದರಿದೆ. ಟ್ಯೂಷನ್ನಿನ ಮಾತಾಡಿದ ಜಟ್ಟೆಪ್ಪ ಅಂದೂ ಬಂದು ಹೊರಗೆ ಕುಳಿತಿದ್ದ. ಸ್ವಿಚ್ಚು ಮುಟ್ಟದೆಯೇ ನಿನ್ನ ತಂತಿಗಳನ್ನು ಕೀಳತೊಡಗಿದೆ. ಗೌರೀಶ ಅದಾದ ಮೇಲೆ ಎಪ್ಪತ್ತೆಂಟು ದಿನ ಬದುಕಿದ್ದ.

ಏಳನೆಯ ಪುಟವನ್ನು ಹರಿದದ್ದು ನಿಜ, ಮಸಿ ಚೆಲ್ಲಿದ್ದು ಸುಳ್ಳು. ಅದನ್ನು ಇದರ ಸಂಗಡ ಇಟ್ಟಿದ್ದೇನೆ. ಮೊದಲು ತಾರೀಖು ನೋಡಬೇಕೆಂದು ನಿನಗೆ ಕಲಿಸಿದ್ದೇನೆ. ಕಿತ್ತೂರಿಗೆ ಹೋಗುವಷ್ಟರಲ್ಲಿ ಮಡಿಕೆಯಲ್ಲಿ ಅಕ್ಷರ ಅಳಿಸಿದರೆ ಎಂದು ಅದರಲ್ಲಿದ್ದದ್ದನ್ನು ಇಲ್ಲಿಯೂ ನಕಲು ಮಾಡುತ್ತೇನೆ. ನಾಳೆ ಹೂಲಿಯಲ್ಲಿ ಹೇಳುವುದೂ ಇದನ್ನೇ.

‘ಪುಟ ೭. ತಾ. ೨೩-೧೦-೨೦೦೭, ಮುಂಜಾನೆ ೧೦-೪೦. ನೋಡಿದ್ದು: ಎಂಟನೆಯ ಮತ್ತು ಒಂಬತ್ತನೆಯ ತಂತಿಗಳ ನಡುವೆ ಬೂದಿಯ ಹಸಿ ಪದರ. ವಿಭೂತಿ. ಬೆಸುಗೆಗಳನ್ನು ಒಂದರಿಂದ ಕೊನೆಯವರೆಗೆ ಭೂತಗನ್ನಡಿಯಲ್ಲಿ ಪರೀಕ್ಷಿಸಲಾಯಿತು. ಇಪ್ಪತ್ತಾರೂ ಗಟ್ಟಿಯಾಗಿವೆ.’